ನೆಲ ನೋಡುವವರು

ಉಸಿರು ಹಿಡ್ಕೊಳ್ಳಿ ಅಂದಾಗ ಜನ ಮೊದಲು ನೆಲ ನೋಡುತ್ತಾರೆ. ಇಷ್ಟು ವರ್ಷ ಎಕ್ಸ್‌ರೇ ಕೋಣೆಯಲ್ಲಿ ನಿಂತು ಅದೇ ಎರಡು ಮಾತು ಹೇಳಿಕೊಂಡು ಬಂದಿದ್ದರೂ ಅವಳು ಇದನ್ನು ಗಮನಿಸಿರಲಿಲ್ಲ. ಈ ವಾರ ಅದೊಂದೇ ಕಣ್ಣಿಗೆ ಬೀಳುತ್ತಿತ್ತು. ಹಲಗೆಗೆ ಎದೆಯೊತ್ತಿ ನಿಂತ ಮುದುಕ, ಕೊರಳಿನ ಸರ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡ ಹೆಂಗಸು, ಚೆಂಡಾಡುತ್ತ ಪಕ್ಕೆ ನೋಯಿಸಿಕೊಂಡು ಬಂದ ಕಾಲೇಜಿನವನು, ಎಲ್ಲರೂ ಗಾಜಿನ ಹಿಂದಿನಿಂದ ಅವಳ ಮಾತು ಕೇಳಿದ ಕೂಡಲೇ ಗಲ್ಲ ಇಳಿಸಿ, ಅಲ್ಲಿ ಏನೋ ಬಿದ್ದುಹೋಗಿದೆ ಎಂಬಂತೆ ಕಾಲ ಬುಡ ನೋಡಿ, ಆಮೇಲೆ ಎದೆ ತುಂಬಿಕೊಳ್ಳುತ್ತಿದ್ದರು. ಬಿಡಿ, ಎಂದು ಅವಳು ಹೇಳಿದಾಗ ಮತ್ತೊಮ್ಮೆ. ಅವರು ನೋಡಿದ ಜಾಗವನ್ನು ಅವಳೂ ಹೋಗಿ ನೋಡಿದಳು. ಬೂದುಬಣ್ಣದ ನೆಲ, ಗಾಲಿಕುರ್ಚಿ ಓಡಾಡಿ ಸವೆದ ಎರಡು ಗೆರೆ, ಒಂದು ಮೂಲೆಯಲ್ಲಿ ಎಂದೋ ಅಂಟಿಸಿದ ಪ್ಲಾಸ್ಟರಿನ ಚೂರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಸೀಸದ ಏಪ್ರನ್ನಿನ ಭಾರಕ್ಕೆ ತನ್ನ ಭುಜ ಬಾಗಿರುವುದು ಕತ್ತಲ ಗಾಜಿನಲ್ಲಿ ಕಾಣಿಸಿತು. ನೆಟ್ಟಗೆ ನಿಂತಳು. ಮುಂದಿನವರನ್ನು ಕರೆಯಲು ಬಾಗಿಲ ಕಡೆ ತಿರುಗುವಷ್ಟರಲ್ಲಿ ಭುಜ ತನ್ನ ಪಾಡಿಗೆ ತಾನು ಮತ್ತೆ ಬಾಗಿತ್ತು.

ಈ ಹುಚ್ಚು ಹಿಡಿಸಿದ್ದು ಹೋದ ಶನಿವಾರದ ಒಂದು ಮಾತು. ಮನೆಯಲ್ಲಿ, ಊಟದ ಮೇಜಿನ ಮೂಲೆಯಲ್ಲಿ, ಮೈದುನ ಬೇರೆ ಮನೆ ಮಾಡಿದಾಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಅವಳು ಕತ್ತಿ ಹಿಡಿಯುತ್ತಿದ್ದಳು. ಹಳೆಯ ಕಾಲದ ಕೋಟೆ, ಕೆಸರು, ಹುಲ್ಲು, ಕಬ್ಬಿಣದ ಅಂಗಿ ತೊಟ್ಟ ಸೈನಿಕರು. ಬೇರೆ ಬೇರೆ ಮನೆಗಳಲ್ಲಿ ಕೂತವರು ಒಂದೇ ಅಂಗಳಕ್ಕೆ ಬಂದು ಒಬ್ಬರನ್ನೊಬ್ಬರು ಕಡಿಯುವ ಆಟ. ಅಲ್ಲಿ ಅವಳ ಹೆಸರು ಬಾವಲಿ. ಚೆನ್ನಾಗಿ ಆಡುತ್ತಿದ್ದಳು. ಕೈ ಚುರುಕು, ಕಣ್ಣು ಇನ್ನೂ ಚುರುಕು. ಆದರೆ ಅವಳನ್ನು ಅಲ್ಲಿ ಎಲ್ಲರೂ ಬಲ್ಲದ್ದು ಅದಕ್ಕಲ್ಲ, ಹೊಸಬರಿಗೆ ಕಲಿಸುತ್ತಾಳೆ ಎಂದು. ಹೊಸಬರು ಬಂದ ದಿನವೇ ಲೆಕ್ಕವಿಲ್ಲದಷ್ಟು ಸಲ ಸತ್ತು, ಯಾಕೆ ಸತ್ತೆವೆಂದು ತಿಳಿಯದೆ, ಅವಮಾನ ನುಂಗಿಕೊಂಡು ಹೊರಟುಹೋಗುತ್ತಿದ್ದರು. ಅವಳಿಗೆ ಅದು ನೋಡಲಾಗುತ್ತಿರಲಿಲ್ಲ. ಒಬ್ಬನನ್ನು ಕೋಟೆಯ ಹಿಂದಿನ ಪುಟ್ಟ ಅಂಗಳಕ್ಕೆ ಕರೆದುಕೊಂಡು ಹೋಗಿ, ನೀವು ಸತ್ತಿದ್ದು ಇದಕ್ಕೆ ನೋಡಿ, ಎಂದು ತೋರಿಸಿದಳು. ಅವನು ಇನ್ನೊಬ್ಬನನ್ನು ಕರೆತಂದ. ಹಾಗೆ ಬೆಳೆಯಿತು. ಕತ್ತಿ ನೋಡಬೇಡಿ, ಭುಜ ನೋಡಿ. ಕತ್ತಿ ಮೋಸ ಮಾಡುತ್ತೆ, ಭುಜ ಮಾಡಲ್ಲ. ಏಟು ತಿಂದ ಕೂಡಲೇ ತಿರುಗಿ ಬೀಸೋ ಆಸೆ ಬಿಡಿ, ಮೊದಲು ತಡೀರಿ. ತಡೆಯೋದನ್ನೂ ಬೇಗ ಎತ್ತಬೇಡಿ, ಅದು ಕ್ಷಣ ಮಾತ್ರ ನಿಲ್ಲುತ್ತೆ, ಬೇಗ ಎತ್ತಿದ್ರೆ ಬೇಗ ಬಿದ್ದುಹೋಗುತ್ತೆ, ಆಮೇಲೆ ನೀವು ಬರೀ ಮೈ. ಉಸಿರು ಹಿಡ್ಕೊಳ್ಳಿ, ಬಿಡಿ, ಈಗ ಹೊಡೀರಿ. ಇಷ್ಟೇ ಅವಳ ಪಾಠ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಯಾರ ಯಾರದೋ ಮನೆಯ ಮಿಕ್ಸಿ, ಬಾಗಿಲ ಗಂಟೆ, ಹೆಂಡತಿ ಮಕ್ಕಳ ಜಗಳ ಕೇಳುತ್ತಿರುವಾಗ ಅವಳು ದನಿ ಏರಿಸದೆ ಅದನ್ನೇ ಹೇಳುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರೂ ಅವಳ ದನಿಯನ್ನು ಅಷ್ಟು ಹೊತ್ತು ಕೇಳಿದವರಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ಪಂದ್ಯ. ಹೊಸಬರದೊಂದು ಪಡೆ, ಕೋಟೆಯವರು ಎಂದು ಕರೆದುಕೊಳ್ಳುವ ಹಳಬರ ಪಡೆಯ ಎದುರು. ಹೊಸಬರು ಸೋಲುವುದು ಇದ್ದದ್ದೇ, ಆದರೆ ಹೋದ ವಾರ ಸೋತ ರೀತಿ ಬೇರೆ. ನೀರು ಕುಡಿದಷ್ಟು ಸಲೀಸಾಗಿ ಅವರನ್ನು ಕಡಿದು ಮಲಗಿಸಿದ ಮೇಲೆ, ಕೋಟೆಯವರ ನಾಯಕ, ಉಕ್ಕು ಎಂಬುವನು, ಎಲ್ಲರಿಗೂ ಕಾಣುವಂತೆ ಬರೆದ: ಬಾವಲಿ ಶಿಷ್ಯರು ಹೊಡೆಯೋ ಮುಂಚೆ ನೆಲದಲ್ಲಿ ಗುಂಡುಸೂಜಿ ಹುಡುಕ್ತಾರೆ, ಸಿಕ್ಕ ಮೇಲೆ ಹೊಡೀತಾರೆ. ಜನ ನಕ್ಕರು. ಅವಳೂ ನಕ್ಕಂತೆ ಮಾಡಿದಳು. ಆ ಹೊತ್ತಿಗೆ ಅವಳ ಕಿವಿಯಲ್ಲಿ ಕುಂಬಳಕಾಯಿ ಮಾತಾಡುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವವರು, ವಯಸ್ಸಿನಲ್ಲಿ ಅವಳಿಗಿಂತ ಹಿರಿಯರು, ಆದರೂ ಕಲಿಸುವವಳೆಂದು ಅಕ್ಕಾ ಎನ್ನುತ್ತಿದ್ದರು. ಮೊದಲ ದಿನ ಗೊತ್ತಾಗದೆ ಒಂದು ದೊಡ್ಡ ಗುಂಡಗಿನ ಹಳದಿ ಶಿರಸ್ತ್ರಾಣ ಆರಿಸಿಕೊಂಡಿದ್ದಕ್ಕೆ ಆ ಹೆಸರು ಬಿದ್ದಿತ್ತು, ಬದಲಾಯಿಸುವುದು ಕಲಿತ ಮೇಲೂ ಅವರು ಬದಲಾಯಿಸಿರಲಿಲ್ಲ. "ನಾನು ಎಲ್ಲಿ ತಪ್ತಾ ಇದೀನಿ ಅಕ್ಕಾ?" ಎಂದು ಅವರು ಕೇಳಿದರು. ಅವಳು ಯೋಚಿಸಲೇ ಇಲ್ಲ. "ನಿಮಗೆ ಗಾಬರಿ," ಎಂದಳು, "ಎಲ್ಲ ಸರಿಯಾಗೇ ಮಾಡ್ತೀರಿ, ಕೊನೇಲಿ ಗಾಬರಿ ಬೀಳ್ತೀರಿ, ಅದಕ್ಕೇ ಎದುರಿನವನಿಗೆ ಗೊತ್ತಾಗಿಬಿಡುತ್ತೆ." ಹೆಡ್‌ಫೋನಿನಲ್ಲಿ ಅವರ ಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು. ಅವರು, "ಇರಬಹುದು ಅಕ್ಕಾ," ಎಂದರು. "ಈ ವಯಸ್ಸಿಗೆ ಇದು ಹತ್ತೋದಿಲ್ಲ ಅನ್ಸುತ್ತೆ. ಬರೋ ಶನಿವಾರ ಒಂದು ಆಡಿ ಬಿಟ್ಬಿಡ್ತೀನಿ. ಮಧ್ಯದಲ್ಲಿ ಬಿಟ್ರೆ ನಿಮಗೆ ಒಬ್ಬ ಕಮ್ಮಿ ಆಗ್ತಾನಲ್ಲ."

ಗುಂಡುಸೂಜಿಯ ಮಾತು ಮಾತ್ರ ಅವಳಲ್ಲಿ ಚುಚ್ಚಿಕೊಂಡೇ ಇತ್ತು. ಗುರುವಾರ ಸಂಜೆ, ಪಾಠಕ್ಕೆ ಬಂದವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಎದುರಿಗಿದ್ದ ಹುಲ್ಲಿನ ಬೊಂಬೆಗಳಿಗೆ ಮೇಲಿನಿಂದ ಒಂದೇಟು ಹೊಡೆಯಿರಿ ಎಂದು ಹೇಳಿ, ತಾನು ಹಿಂದೆ ಸರಿದು ನಿಂತಳು. ಹಾಗೆ ಹಿಂದೆ ನಿಂತು ನೋಡಿದ್ದು ಅದೇ ಮೊದಲು. ಯಾವಾಗಲೂ ಅವಳು ಅವರ ಎದುರಿಗಿರುತ್ತಿದ್ದಳು, ಹೊಡೆಸಿಕೊಳ್ಳುತ್ತಿದ್ದಳು. ಉಸಿರು ಹಿಡ್ಕೊಳ್ಳಿ, ಬಿಡಿ, ಎಂದಳು. ಏಳು ಶಿರಸ್ತ್ರಾಣಗಳು ಒಟ್ಟಿಗೆ ಕೆಳಗೆ ಬಾಗಿದವು, ಏಳು ಕತ್ತಿಗಳು ಮೇಲೆದ್ದವು. ಇನ್ನೊಂದ್ಸಲ, ಎಂದಳು. ಮತ್ತೆ ಬಾಗಿದವು. ಸಾಲಿನ ಕೊನೆಯಲ್ಲಿ ಹಳದಿಯದು ಉಳಿದವಕ್ಕಿಂತ ಒಂದು ಗಳಿಗೆ ತಡವಾಗಿ, ಆದರೆ ಅಷ್ಟೇ ಶ್ರದ್ಧೆಯಿಂದ ಬಾಗಿತು. ಏಟು ಇಳಿಯುವಾಗ ಮೌಸನ್ನು ಕೆಳಕ್ಕೆ ಎಳೆದರೆ ಸೈನಿಕನ ತಲೆ ನೆಲದ ಕಡೆ ಬಾಗಿ, ಜೊತೆಗೆ ಕತ್ತಿಯೂ ಬೇಗ ಬೀಳುತ್ತದೆ, ಇದು ಆಟ ಬಲ್ಲವರಿಗೆಲ್ಲ ಗೊತ್ತಿರುವ ಉಪಾಯ. ಅವಳೂ ಅದನ್ನೇ ಕಲಿಸಿದ್ದಳು. ಆದರೆ ಕಲಿಸಿದ್ದು ತನ್ನ ಕೈ ಮಾಡುತ್ತಿದ್ದ ಹಾಗೆ, ಮತ್ತು ಅವಳ ಕೈ ಅದನ್ನು ಕತ್ತಿ ಎತ್ತುವ ಮುಂಚೆಯೇ ಮಾಡುತ್ತಿತ್ತು. ಅವರೆಲ್ಲ ಹೋದ ಮೇಲೆ ಅವಳು ತಾನೊಬ್ಬಳೇ ಬೊಂಬೆಯ ಮುಂದೆ ನಿಂತು ಪರೀಕ್ಷಿಸಿ ನೋಡಿದಳು. ಹೌದು. ಮೊದಲು ಹುಲ್ಲು, ಆಮೇಲೆ ಆಕಾಶ, ಆಮೇಲೆ ಬೊಂಬೆ. ಇಷ್ಟು ಕಾಲ ಅವಳು ಗೆದ್ದದ್ದು ಅವಳ ಚುರುಕಿನಿಂದ. ಎದುರಿನವನು ಬಾಗಿದ ತಲೆಯ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅವನ ತಲೆ ಉರುಳಿರುತ್ತಿತ್ತು. ಚುರುಕು ಕಲಿಸಲಿಕ್ಕೆ ಬರುವಂಥದ್ದಲ್ಲ. ತಪ್ಪು ಮಾತ್ರ ಚೆನ್ನಾಗಿ ಕಲಿಸಿದ್ದಳು. ಆ ರಾತ್ರಿ ಪಾತ್ರೆ ತೊಳೆಯುತ್ತ, ಮರುದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಅವಳಿಗೆ ಆ ಏಳು ತಲೆ ಬಾಗಿದ್ದೇ ಕಾಣುತ್ತಿತ್ತು, ಅದರಲ್ಲೂ ಆ ಹಳದಿಯದು. ಶನಿವಾರ ಅವರು ಬಿಟ್ಟುಹೋಗುವ ಮೊದಲು ಹೇಳಿಬಿಡಬೇಕು, ನಿಮ್ಮ ಗಾಬರಿಯಲ್ಲ, ನನ್ನ ಪಾಠ ಎಂದು. ಹೇಳುವ ಮಾತನ್ನು ಅವಳು ಮನಸ್ಸಿನಲ್ಲೇ ಎಷ್ಟೋ ಸಲ ಕೂಡಿಸಿ ಬಿಚ್ಚಿ ನೋಡಿದಳು. ಪ್ರತಿ ಸಲವೂ ಅದು ಎಲ್ಲೋ ಒಂದು ಕಡೆ ತನ್ನನ್ನೇ ಹೊಗಳಿಕೊಂಡ ಹಾಗೆ ಕೇಳಿಸುತ್ತಿತ್ತು.

ಇವತ್ತು ಶನಿವಾರ. ಆಸ್ಪತ್ರೆ ಅರ್ಧ ದಿನ. ಹೊರಡುವ ಹೊತ್ತು ಹತ್ತಿರ ಬಂದಿತ್ತು, ಅಷ್ಟರಲ್ಲಿ ಒಬ್ಬ ಅಂಚೆಯವನು ಕುಂಟುತ್ತ ಬಂದು ಮೇಜಿನ ಮೇಲೆ ಹತ್ತಿ ಕೂತು ಬಲಗಾಲಿನ ಪ್ಯಾಂಟು ಮಡಚತೊಡಗಿದ. ಮೊಣಕಾಲು ಎಂದಷ್ಟೇ ಡಾಕ್ಟರು ಹೇಳಿ ಕಳಿಸಿದ್ದರು. ಯಾವುದೆಂದು ಖಾತ್ರಿ ಮಾಡಿಕೊಳ್ಳುವುದು ಅವಳ ರೂಢಿ. ಒಳಗಿನ ಫೋನಿನಲ್ಲಿ ಕೇಳಿದಳು. ಡಾಕ್ಟರು ಇನ್ನೊಬ್ಬರ ಜೊತೆ ಮಾತಾಡುತ್ತಲೇ, "ಎಡ, ಎಡ, ಬೇಗ ಕಳಿಸಿ," ಎಂದು ಇಟ್ಟುಬಿಟ್ಟರು. "ನೋವು ಈ ಕಡೆ ತಾಯಿ," ಎಂದ ಅಂಚೆಯವನು. ಎರಡನ್ನೂ ತೆಗೆದುಬಿಡಬಹುದಿತ್ತು. ಆದರೆ ಹೇಳಿದ್ದು ಬಿಟ್ಟು ಬೇರೆ ಮಾಡಿದರೆ ಅದಕ್ಕೊಂದು ಮಾತು ಕೇಳಬೇಕು. ಮೊದಲು ಇದನ್ನ ತೆಗೀತೀನಿ, ಎಂದು ಅವನ ಎಡಗಾಲನ್ನು ಸರಿಸಿದಳು. ಅವನು ಒಮ್ಮೆ ತನ್ನ ಎಡಗಾಲನ್ನೂ ಒಮ್ಮೆ ಅವಳನ್ನೂ ನೋಡಿದ. ಆರೋಗ್ಯವಂತ ಮೊಣಕಾಲು. ಪರದೆಯ ಮೇಲೆ ಅದು ಮೂಡಿದಾಗ, ಮೂಳೆಗಳು ನೋವಿನ ಸುದ್ದಿಯೇ ಇಲ್ಲದೆ ಒಂದರ ಮೇಲೊಂದು ತಣ್ಣಗೆ ಕೂತಿದ್ದವು.

ಡಾಕ್ಟರು ಅವಳನ್ನು ಕರೆಸಿದ್ದು ಅಂಚೆಯವನ ಎದುರಿಗೇ. ಕೋಣೆಯಲ್ಲಿ ಇನ್ನಿಬ್ಬರು ರೋಗಿಗಳಿದ್ದರು. "ಎಡ ಬಲ ಗೊತ್ತಾಗಲ್ವೇನ್ರೀ?" ಎಂದರು ಡಾಕ್ಟರು. ಕೂಗಲಿಲ್ಲ. ಅವರು ಕೂಗುವವರಲ್ಲ. ನಿಧಾನವಾಗಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. ಅವಳು ಅವರ ಮೇಜಿನ ಕೆಳಗೆ ಕಾಣುತ್ತಿದ್ದ ಬೂಟುಗಳನ್ನು ನೋಡಿದಳು. ಒಂದು ಬೂಟಿನ ದಾರ ಸಡಿಲವಾಗಿ ನೆಲಕ್ಕೆ ಬಿದ್ದಿತ್ತು, ಎದ್ದು ನಡೆದರೆ ತುಳಿಯುತ್ತಾರೆ ಎಂದುಕೊಂಡಳು. "ಸಾರಿ ಸರ್," ಎಂದಳು. ಅಂಚೆಯವನನ್ನು ಮತ್ತೆ ಕರೆದುಕೊಂಡು ಬಂದು ಬಲಗಾಲಿನದು ತೆಗೆದಳು. ಅವನು ಮೇಜಿನಿಂದ ಇಳಿಯುತ್ತ, ಅವಳ ಕಡೆ ನೋಡದೆ, "ನಮ್ಮ ಆಫೀಸಲ್ಲೂ ಹೀಗೇ ತಾಯಿ," ಎಂದ. ಆ ಮಾತು ಅವಳಿಗೆ ಡಾಕ್ಟರು ಅಂದದ್ದಕ್ಕಿಂತ ಹೆಚ್ಚು ನೋವು ಮಾಡಿತು. ಸ್ವಲ್ಪ ಹೊತ್ತಿಗೆ ಡಾಕ್ಟರೇ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಬಂದು ನಿಂತರು. ಮನೆಗೆ ಹೊರಟಿದ್ದರು, ಕೈಯಲ್ಲಿ ಊಟದ ಡಬ್ಬಿಯ ಚೀಲ. "ಒಂದು ಮಾತು," ಎಂದರು. "ಫೋನಲ್ಲಿ ನಾನೇನಾದ್ರೂ ಎಡ ಅಂದೆನಾ?" ಅವರ ಮುಖದಲ್ಲಿ ನಿಜವಾದ ಸಂಶಯವಿತ್ತು. ಅವಳು ಸೀಸದ ಏಪ್ರನ್ನನ್ನು ಗೂಟಕ್ಕೆ ನೇತುಹಾಕುತ್ತಿದ್ದಳು. ನೇತುಹಾಕಿ, ಅದರ ಪಟ್ಟಿ ಸರಿಮಾಡಿ, "ಇಲ್ಲ ಸರ್," ಎಂದಳು. "ಬಲ ಅಂತಾನೇ ಅಂದ್ರಿ. ನಾನೇ ಗಾಬರೀಲಿ ಎಡಗಾಲು ತೆಗೆದುಬಿಟ್ಟೆ."

"ಅಲ್ಲ, ಅಂದಿದ್ರೆ ಹೇಳಿ. ಸಂಕೋಚ ಬೇಡ."

"ಇಲ್ಲ ಸರ್. ಅಂದಿಲ್ಲ."

"ಸರಿ, ಪರವಾಗಿಲ್ಲ," ಎಂದರು ಡಾಕ್ಟರು. ಅವರ ಮುಖ ಹಗುರವಾದದ್ದು ಅವಳಿಗೆ ಕಾಣಿಸಿತು. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಬೂಟಿನ ದಾರ ಎಳೆದುಕೊಂಡೇ, ಮೆಟ್ಟಿಲ ಕಡೆ ನಡೆದರು. ಹೇಳಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿರುವಾಗಲೇ ಇಳಿದುಹೋದರು. ಬೀಳಲಿಲ್ಲ.

ಮನೆಯಲ್ಲಿ ಅತ್ತೆ ಊಟದ ಮೇಜಿನ ಅರ್ಧಕ್ಕೆ ಒಗೆದ ಬಟ್ಟೆ ಗುಡ್ಡೆ ಹಾಕಿಕೊಂಡು ಮಡಚುತ್ತಿದ್ದರು. ಉಳಿದರ್ಧದಲ್ಲಿ ಕಂಪ್ಯೂಟರು, ಅವಳ ತಟ್ಟೆ. ಶನಿವಾರದ ಪಂದ್ಯ ಅತ್ತೆಗೂ ಹೊತ್ತು ಕಳೆಯುವ ಒಂದು ದಾರಿ. ಕಬ್ಬಿಣದವರು ಎಂದು ಅವರನ್ನು ಕರೆಯುತ್ತಿದ್ದರು. ಯಾರು ಯಾರ ಕಡೆ ಎಂದು ತಿಳಿದುಕೊಳ್ಳುವ ಗೋಜಿಗೆ ಹೋಗದೆ, ಬಿದ್ದವರಿಗೆಲ್ಲ ಅಯ್ಯೋ ಅನ್ನುತ್ತಿದ್ದರು. ಸೊಸೆ ಅನ್ನ ಕಲಸಿದ್ದು ಕಲಸಿದ ಹಾಗೇ ಕೂತಿರುವುದನ್ನು ನೋಡಿ, "ಯಾಕೆ, ಯಾರು ಏನಂದ್ರು?" ಎಂದು ಕೇಳಿದರು. ಅವಳು ಮೊಣಕಾಲಿನ ಕಥೆ ಹೇಳಿದಳು, ಬೇರೆ ಯಾರಿಗೋ ಆದದ್ದನ್ನು ಹೇಳುವ ಹಾಗೆ. ಅತ್ತೆ ಒಂದು ದಿಂಬಿನ ಚೀಲವನ್ನು ಎರಡು ಸಲ ಕೊಡವಿದರು.

"ಅವರೇ ಬಾಗಿಲಿಗೆ ಬಂದು ಕೇಳಿದ್ರು ಅಂತೀಯ."

"ಹ್ಞೂಂ."

"ಮತ್ತೆ ಹೇಳೋಕೇನು ಬಾಯಿಗೆ ಬೀಗ ಬಿದ್ದಿತ್ತಾ?"

"ಕೇಳೋದು ಬೇರೆ, ಹೇಳೋದು ಬೇರೆ ಅತ್ತೆ. ಅವರಿಗೆ ಬೇಕಾಗಿದ್ದು ಇಲ್ಲ ಅನ್ನೋದು."

"ನಿನಗೆ ಹೇಗೆ ಗೊತ್ತು? ಬೇರೆ ಉತ್ತರ ಕೊಟ್ಟು ನೋಡಿದ್ಯಾ?" ಎಂದರು ಅತ್ತೆ. ಅವಳು ತಟ್ಟೆ ಎತ್ತಿ, ಕೈ ತೊಳೆದು, ಮೇಜಿನ ಅಂಚು ಒರೆಸಿ, ಮೌಸ್ ಇಟ್ಟುಕೊಂಡಳು. ಬಟ್ಟೆಯ ಗುಡ್ಡೆಗೂ ಮೇಜಿನ ಅಂಚಿಗೂ ನಡುವೆ ಅವಳಿಗಿರುವುದು ಅಂಗೈಯಗಲ ಜಾಗ. ಕೈ ಎಲ್ಲಿ ಹೊರಗೆ ಜಾರುತ್ತದೋ ಎಂಬ ಅಂಜಿಕೆಯಿಂದ ಮೊದಲೇ ಕೆಳಕ್ಕೆ ಎಳೆದಿಟ್ಟುಕೊಳ್ಳುವ ಅಭ್ಯಾಸ ಇಲ್ಲಿಂದಲೇ ಬಂದಿರಬೇಕು, ಎನಿಸಿತು. ಅತ್ತೆಗೆ ಬಟ್ಟೆ ಆಚೆ ಸರಿಸಿ ಎನ್ನಬಹುದಿತ್ತು, ಇಷ್ಟು ವರ್ಷದಲ್ಲಿ ಯಾವತ್ತಾದರೂ.

ಪಂದ್ಯಕ್ಕೆ ಮುಂಚೆ ಹೇಳಬೇಕೆಂದಿದ್ದಳು. ಅಂಗಳದಲ್ಲಿ ಏಳೂ ಜನ ಬಂದು ನಿಂತಿದ್ದರು, ಒಬ್ಬೊಬ್ಬರೂ ಕುಣಿಯುತ್ತ, ಗಾಳಿಗೆ ಕತ್ತಿ ಬೀಸುತ್ತ. ಹಳದಿ ಶಿರಸ್ತ್ರಾಣ ಮಾತ್ರ ಗೋಡೆಯ ಹತ್ತಿರ ಕತ್ತಿ ಇಳಿಸಿಕೊಂಡು ಸುಮ್ಮನೆ ನಿಂತಿತ್ತು. ಎಲ್ಲರಿಗೂ ಒಂದು ವಿಷಯ ಹೇಳಬೇಕು, ಎಂದು ಅವಳು ಶುರುಮಾಡಿದಳು. ಹೇಳಿ ಅಕ್ಕಾ, ಎಂದು ನಾಲ್ಕೈದು ದನಿ ಒಟ್ಟಿಗೆ ಬಂದವು. ಆ ದನಿಗಳಲ್ಲಿದ್ದ ನಂಬಿಕೆಗೆ ಅವಳಿಗೆ ದಿಗಿಲಾಯಿತು. ಪಂದ್ಯಕ್ಕೆ ಹೋಗುವವರ ಕೈಯಿಂದ ಇದ್ದ ಒಂದೇ ಏಟನ್ನೂ ಕಿತ್ತುಕೊಂಡರೆ ಇವರು ಏನು ಹಿಡಿದು ಆಡುತ್ತಾರೆ, ಆಮೇಲೆ ಹೇಳಿದರಾಯಿತು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ನೆಪ ಎನ್ನುವುದೂ ಗೊತ್ತಿತ್ತು. "ಉಸಿರು ಮರೀಬೇಡಿ, ಅಷ್ಟೆ," ಎಂದಳು. ಕಲಿಸುವವರು ಪಂದ್ಯದಲ್ಲಿ ಆಡುವಂತಿಲ್ಲ. ಅವಳು ಕೋಟೆಯ ಗೋಡೆಯ ಮೇಲೆ ಹತ್ತಿ ನಿಂತಳು. ಅತ್ತೆ ಕುರ್ಚಿಯನ್ನು ಸ್ವಲ್ಪ ಇತ್ತ ಎಳೆದುಕೊಂಡರು.

ಒಬ್ಬೊಬ್ಬರಾಗಿ ಇಳಿದರು, ಒಬ್ಬೊಬ್ಬರಾಗಿ ಬಿದ್ದರು. ಮೇಲಿನಿಂದ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ತಲೆ ಬಾಗುತ್ತಿತ್ತು, ಕೋಟೆಯವನು ತಡೆ ಎತ್ತುತ್ತಿದ್ದ, ಏಟು ಅದಕ್ಕೆ ಬಡಿಯುತ್ತಿತ್ತು, ಮರು ಏಟಿಗೆ ಇವರು ಹುಲ್ಲಿನ ಮೇಲೆ. ಅಯ್ಯೋ, ಎನ್ನುತ್ತಿದ್ದರು ಅತ್ತೆ. ಗೋಡೆಯ ಮೇಲೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಯಾರೋ ಸೂಜಿ ಸಿಕ್ತಾ ಎಂದು ಬರೆದರು. ಅವಳು ಮೇಜಿನ ಮೇಲಿದ್ದ ಕರವಸ್ತ್ರವನ್ನು ಮಡಚಿದಳು, ಬಿಚ್ಚಿ ಮತ್ತೆ ಮಡಚಿದಳು. ಕೊನೆಗೆ ಉಳಿದದ್ದು ಕುಂಬಳಕಾಯಿ, ಎದುರಿಗೆ ಉಕ್ಕು. ಇಬ್ಬರೂ ಒಬ್ಬರನ್ನೊಬ್ಬರು ಸುತ್ತಿದರು. ಕುಂಬಳಕಾಯಿ ಹೇಳಿಕೊಟ್ಟ ಹಾಗೆ ಒಂದು ಹೆಜ್ಜೆ ಹಿಂದೆ, ಒಂದು ಪಕ್ಕಕ್ಕೆ. ಹಳದಿ ತಲೆ ಬಾಗಿತು. ಉಕ್ಕು ತಕ್ಷಣ ತಡೆ ಎತ್ತಿದ. ಏಟು ಬರಲಿಲ್ಲ. ಕುಂಬಳಕಾಯಿಯ ಕತ್ತಿ ಇನ್ನೂ ಏಳುತ್ತಲೇ ಇತ್ತು, ಮನಸ್ಸಿಲ್ಲದವನ ಕೈಯಿಂದ ಏಳುವ ಹಾಗೆ. ಉಕ್ಕಿನ ತಡೆ ಕ್ಷಣ ನಿಂತು ಬಿದ್ದುಹೋಯಿತು, ಅವನು ಬರೀ ಮೈಯಾಗಿ ನಿಂತ, ಆಗ ಏಟು ಇಳಿಯಿತು. ಉಕ್ಕು ಮೊಣಕಾಲೂರಿ, ಆಮೇಲೆ ಮುಖ ಅಡಿಯಾಗಿ ಬಿದ್ದ.

ಆಮೇಲೆ ಬಂದದ್ದೆಲ್ಲ ಒಟ್ಟಿಗೆ ಬಂತು. ಉಕ್ಕು ಬರೆದ: ಬಾವಲಿ, ಇಷ್ಟು ದಿನ ಬೇಕಂತಲೇ ನೆಲ ನೋಡಿಸಿ ನಮ್ಮನ್ನ ನಂಬಿಸಿದ್ಯಾ? ಸೋತೆ, ಒಪ್ಪಿದೆ. ಇನ್ನೊಬ್ಬ ಬರೆದ: ಎಲ್ಲರನ್ನೂ ಸೋಲಿಸಿ ಒಬ್ಬನಿಗಾಗಿ ಇಟ್ಟಿದ್ದ ಬಲೆ. ಮತ್ತೊಬ್ಬ, ಇದನ್ನ ನಮಗೂ ಕಲಿಸಿ ಎಂದ. ಅವಳ ಹೊಸಬರು ಕಿವಿಯಲ್ಲಿ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಅಕ್ಕ ಗುರುವಾರ ನಮ್ಮನ್ನ ಸಾಲಾಗಿ ನಿಲ್ಲಿಸಿ ನೋಡಿದ್ದು ಇದಕ್ಕೇ, ಹೇಳಿದ್ರೆ ಆಚೆ ಹೋಗುತ್ತೆ ಅಂತ ಹೇಳಲಿಲ್ಲ, ನೋಡಿ ಎಂಥಾ ತಲೆ. ಅವಳಿಗೆ ಖುಷಿಯಾಯಿತು. ಆಗಬಾರದಿತ್ತು, ಆಯಿತು. ಕಿವಿಯ ತುದಿ ಬಿಸಿಯಾಗುವಷ್ಟು ಆಯಿತು. ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಅಲ್ಲ, ಎಂದು ಬರೆದಳು. ಅಳಿಸಿದಳು. ಇಷ್ಟು ಜನ ಸಂತೋಷಪಡುತ್ತಿರುವಾಗ, ಎಂದುಕೊಂಡಳು. ಏನೂ ಬರೆಯದೆ ಬಿಟ್ಟದ್ದನ್ನು ಅವರು ವಿನಯ ಎಂದುಕೊಂಡರು. ಆಸ್ಪತ್ರೆಯಲ್ಲಿ ತನ್ನದಲ್ಲದ ತಪ್ಪಿಗೆ ಸಾರಿ ಎಂದಿದ್ದಳು, ಈಗ ತನ್ನದಲ್ಲದ ಜಾಣತನವನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡಳು, ಎರಡರಲ್ಲೂ ನಿಜ ಬಾಯಿಬಿಡುವ ಕೆಲಸವಿರಲಿಲ್ಲ. "ನಿನ್ನವರು ಗೆದ್ರಾ?" ಎಂದು ಅತ್ತೆ ಕೇಳಿದರು. "ಒಬ್ಬರು ಗೆದ್ರು," ಎಂದಳು.

ಜನ ಕರಗಿದ ಮೇಲೆ ಹಿಂದಿನ ಅಂಗಳಕ್ಕೆ ಇಳಿದಳು. ಹಳದಿ ಶಿರಸ್ತ್ರಾಣ ಅಲ್ಲೇ ಇತ್ತು, ಹುಲ್ಲಿನ ಬೊಂಬೆಯೊಂದರ ಪಕ್ಕ. ಅವಳು ಎದುರಿಗೆ ಹೋಗಿ ಕತ್ತಿ ಇಳಿಸಿದಳು. ಜಗಳಕ್ಕಲ್ಲ, ಮಾತಿಗೆ ಬಂದಿದ್ದೇನೆ ಎಂದು ಅಲ್ಲಿ ಹಾಗೆ ತಿಳಿಸುವುದು. ಅವರೂ ಇಳಿಸಿದರು.

"ಬೇಕಂತ ಮಾಡಿದ್ದಲ್ಲ ಅಕ್ಕಾ," ಎಂದರು ಕುಂಬಳಕಾಯಿ, ಅವಳು ಕೇಳುವ ಮುಂಚೆಯೇ. "ಇದೇ ಕೊನೇದಲ್ವಾ ಅಂತ ಏನೋ ಯೋಚನೆ. ಕೈ ತಡವಾಯ್ತು. ಎಲ್ಲರೂ ನಿಮ್ಮ ಉಪಾಯ ಅಂತಿದಾರೆ, ಅನ್ಲಿ ಬಿಡಿ. ಒಳ್ಳೇದೇ."

"ಉಪಾಯ ಅಲ್ಲ ಅದು," ಎಂದಳು ಅವಳು. ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ನಾನೇ ತಪ್ಪಾಗಿ ಆಡ್ತೀನಿ. ಹೊಡೆಯೋ ಮುಂಚೆ ನೆಲ ನೋಡ್ತೀನಿ. ಅದನ್ನೇ ನಿಮಗೆಲ್ಲ ಕಲಿಸಿದೆ. ಮೊನ್ನೆ ಗುರುವಾರ ಗೊತ್ತಾಯ್ತು ನನಗೆ. ನಿಮ್ಮದು ಗಾಬರಿ ಅಂದೆನಲ್ಲ, ಅದು ಸುಳ್ಳು. ನಿಮಗೆ ಗಾಬರಿ ಇಲ್ಲ."

ಅವರ ಮನೆಯಲ್ಲಿ ದೂರದಿಂದ ಒಂದು ಹೆಣ್ಣು ದನಿ, ಊಟ ಆರ್ತಾ ಇದೆ ಎಂದು. ಬಂದೆ, ಎಂದು ಅವರು ಆ ಕಡೆಗೆ ಹೇಳಿ, ಮತ್ತೆ ಈ ಕಡೆ ತಿರುಗಿದರು. "ಬಿಡಿ ಅಕ್ಕಾ, ಅದಕ್ಯಾಕೆ ಅಷ್ಟು."

ಅವರು ಬೆರಗಾಗಲಿಲ್ಲ ಎನ್ನುವುದು ಅವಳಿಗೆ ನಿಧಾನವಾಗಿ ಹೊಳೆಯಿತು. "ನಿಮಗೆ ಗೊತ್ತಿತ್ತಾ?"

"ಶುರುವಿನಲ್ಲೇ ಕಂಡಿತ್ತು," ಎಂದರು. ಕ್ಷಮೆ ಕೇಳುವವರ ದನಿಯಲ್ಲಿ ಹೇಳಿದರು. "ನಾವು ಲಿಫ್ಟ್ ನೋಡೋರು ಅಲ್ವಾ. ಮೇಲೆ ಹೋಗೋ ಮುಂಚೆ ಸ್ವಲ್ಪ ಕೆಳಗಿಳಿದು ಆಮೇಲೆ ಹೋಗುತ್ತಲ್ಲ, ಬ್ರೇಕ್ ಸಡಿಲ ಇದ್ರೆ, ಹಾಗೆ. ಒಳಗಿದ್ದೋರಿಗೆ ಗೊತ್ತಾಗಲ್ಲ, ನಿಂತು ನೋಡೋರಿಗೆ ಕಾಣುತ್ತೆ."

"ಮತ್ತೆ ನೀವ್ಯಾಕೆ ಹಾಗೇ ಹೊಡೀತಾ ಇದ್ರಿ?"

"ನೀವು ಕಲಿಸಿದ್ದು ಹಾಗೆ."

"ಗಾಬರಿ ಅಂದಾಗಲಾದ್ರೂ ಹೇಳಬಾರದಿತ್ತಾ?"

"ಹೇಗೆ ಹೇಳೋದು," ಎಂದರು ಅವರು, ಸ್ವಲ್ಪ ನಕ್ಕು. "ನೀವು ಗಾಬರಿ ಅಂದ ಮೇಲೆ ಇರಬೇಕು ಅಂದ್ಕೊಂಡೆ. ಅಲ್ಲದೆ ನೀವು ಗೆಲ್ತಾ ಇದ್ರಲ್ಲ. ಗೆಲ್ಲೋರಿಗೆ ಹೋಗಿ ನೀವು ತಪ್ಪು ಅನ್ನೋಕೆ ಆಗುತ್ತಾ?"

ಎಷ್ಟು ಸಂಜೆ, ಆಸ್ಪತ್ರೆಯಿಂದ ಬಂದು, ಅಲ್ಲಿ ಬಾಗಿದ್ದ ಭುಜವನ್ನು ಇಲ್ಲಿ ನೆಟ್ಟಗೆ ಮಾಡಿಕೊಂಡು, ಈ ಮನುಷ್ಯನ ಎದುರಿಗೆ ನಿಂತು, ಭುಜ ನೋಡಿ, ಭುಜ ಸುಳ್ಳು ಹೇಳಲ್ಲ ಎಂದಿದ್ದಳು. ಅವರು ನೋಡಿದ್ದರು. ನೋಡಿ, ಅವಳ ತಪ್ಪನ್ನು ತಪ್ಪೆಂದು ಗೊತ್ತಿದ್ದೇ, ಒಂದೊಂದು ಸಲವೂ ತಲೆಬಾಗಿ ಕಲಿತು, ಅದಕ್ಕಾಗಿ ವಾರವಾರ ಸತ್ತು, ನಾನು ಎಲ್ಲಿ ತಪ್ತಾ ಇದೀನಿ ಅಕ್ಕಾ ಎಂದು ಕೇಳಿದ್ದರು. ತಾನು ಬೂಟಿನ ದಾರ ನೋಡುತ್ತಿದ್ದ ಹಾಗೆ ಅವರು ಆಗ ಏನನ್ನು ನೋಡುತ್ತಿದ್ದಿರಬಹುದು, ಎಂದು ಯೋಚಿಸಿದಳು. ಅವರ ಮನೆಯ ಮೇಜಿನ ಕೆಳಗಿನ ನೆಲ ಅವಳಿಗೆ ಗೊತ್ತಿರಲಿಲ್ಲ.

"ಬರೋ ವಾರ ಬರ್ತೀರಾ?" ಎಂದು ಕೇಳಿದಳು.

"ನೀವು ಬಾ ಅಂದ್ರೆ ಬರ್ತೀನಿ."

"ಹಾಗಲ್ಲ. ನಿಮಗೆ ಬೇಕಿದ್ರೆ ಬನ್ನಿ."

"ಬೇಕು ಅಕ್ಕಾ. ಅದಕ್ಕೇನು. ಇವತ್ತು ಗೆದ್ದೆನಲ್ಲ," ಎಂದರು. ಆ ಮಾತಿನಲ್ಲಿ ಸಂಕೋಚದ ಸಂತೋಷವಿತ್ತು. ಅದು ಅವಳಿಗೂ ತಾಗಿತು.

"ಹಾಗಾದ್ರೆ ಇನ್ಮೇಲೆ ಇಬ್ಬರೂ ಸರಿ ಮಾಡ್ಕೊಳ್ಳೋಣ. ಈಗಲೇ ಶುರು ಮಾಡೋಣ. ನಾನು ಹೊಡೀತೀನಿ, ನೀವು ನೋಡ್ತಾ ಇರಿ. ನೆಲ ನೋಡಿದ್ರೆ ಹೇಳಿ. ಒಂದು ಸಲವೂ ಬಿಡಬೇಡಿ. ನನಗೆ ಒಳಗಿನಿಂದ ಗೊತ್ತಾಗಲ್ಲ, ನೀವೇ ಹೇಳಬೇಕು."

"ಹೇಳ್ತೀನಿ ಅಕ್ಕಾ."

"ಸಂಕೋಚ ಬೇಡ," ಎಂದಳು. ಎಂದ ಮೇಲೆ ಆ ಮಾತು ಎಲ್ಲೋ ಕೇಳಿದ್ದು ಅನಿಸಿತು.

ಬೊಂಬೆಗೆ ಒಂದ್ಸಲ ಹೊಡೆದಳು. ಸರಿ ಇತ್ತು ಅಕ್ಕಾ, ಎಂದರು. ಇನ್ನೊಂದ್ಸಲ. ಇದೂ ಸರಿ, ಎಂದರು. ಅವಳಿಗೆ ಖಾತ್ರಿಯಾಗಲಿಲ್ಲ. ಎರಡನೆಯದರಲ್ಲಿ ಅಂಚಿಗೆ ಹುಲ್ಲು ಕಂಡಂತಿತ್ತು. ಮೂರನೆಯ ಸಲ ಅವಳು ಉಸಿರು ಹಿಡಿದು, ಬೇಕೆಂದೇ, ಮೌಸನ್ನು ಮೇಜಿನ ಅಂಚಿನವರೆಗೂ ಎಳೆದಳು. ಪರದೆಯ ತುಂಬ ಹುಲ್ಲು, ಹುಲ್ಲಿನ ನಡುವೆ ತನ್ನದೇ ಕಬ್ಬಿಣದ ಪಾದಗಳು. ಅಲ್ಲೇ ಸ್ವಲ್ಪ ಹೊತ್ತು ನಿಂತಳು, ಯಾರಿಗಾದರೂ ಕಂಡೇ ಕಾಣುವಷ್ಟು ಹೊತ್ತು. ಆಮೇಲೆ ಕತ್ತಿ ಎತ್ತಿ ಬೊಂಬೆಯನ್ನು ಸೀಳಿದಳು.

"ಈಗ ನೋಡಿದೆನಾ?" ಎಂದು ಕೇಳಿದಳು.

ಫ್ಯಾನು ತಿರುಗುತ್ತಿತ್ತು. ಅವರ ಮನೆಯಲ್ಲಿ ತಟ್ಟೆ ಇಟ್ಟ ಸದ್ದಾಯಿತು.

"ಇಲ್ಲ ಅಕ್ಕಾ," ಎಂದರು ಕುಂಬಳಕಾಯಿ. "ಈ ಸಲ ನೋಡ್ಲಿಲ್ಲ. ಚೆನ್ನಾಗಿತ್ತು."

"ಸರಿ, ಪರವಾಗಿಲ್ಲ," ಎಂದಳು ಅವಳು. "ನೀವು ಊಟ ಮಾಡಿ ಹೋಗಿ."

ಹೆಡ್‌ಫೋನು ತೆಗೆದಿಟ್ಟಳು. ಅತ್ತೆ ಕೊನೆಯ ಟವೆಲ್ಲು ಮಡಚುತ್ತ ಪರದೆಯನ್ನೇ ನೋಡುತ್ತಿದ್ದರು. "ಬರೀ ಹುಲ್ಲು ಕಾಣಿಸ್ತಿತ್ತಲ್ಲೇ," ಎಂದರು. "ಏನಂದ್ರು ಅವರು?"

"ನೋಡ್ಲಿಲ್ಲ ಅಂದ್ರು."

"ಪಾಪ," ಎಂದರು ಅತ್ತೆ. ಯಾರಿಗೆ ಎಂದು ಅವಳು ಕೇಳಲಿಲ್ಲ. ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗಿಡಲು ಹೋದಳು.